ಎರಡು ಹಲ್ಲಾಗಲಿ ಅಂದವರಿಗೆ

ಕಳ್ಳಕವಟಗಿ, ತಾ. ತಿಕೋಟಾ
ಶನಿವಾರ, ೧೮ ಜನವರಿ ೨೦೨೫

ಮುತ್ತುವಿನ ಅಪ್ಪನವರಿಗೆ ನಿಮ್ಮ ರೇಣುಕಾಳ ಶರಣು.

ಹೇಗಿದ್ದೀರಿ? ಮೊಣಕಾಲು ನೋವು ಇಳಿಯಿತೇ? ಹೋದ ಸಲ ಕಳಿಸಿದ ಎಣ್ಣೆಯನ್ನು ನಿಮ್ಮ ಕಾಲಿಗೆ ಹಚ್ಚಿಕೊಂಡಿರೋ, ಕುಂಟುವ ಕುರಿಗೆ ಹಚ್ಚಿದಿರೋ, ಆ ಅಮೋಘಸಿದ್ಧನಿಗೇ ಗೊತ್ತು. ನೀವು ಕುರಿ ಹಿಂಡಿನೊಂದಿಗೆ ತಂಗಿರುವ ಹೊಳೆದಂಡೆಯ ಚಳಿ ಕೆಟ್ಟದ್ದು. ಇನ್ನೊಂದು ಕಂಬಳಿ ಕಳಿಸಿದ್ದೇನೆ, ಅದನ್ನು ಈಯುವ ಕುರಿಗೆ ಹೊದಿಸದೆ ನೀವೇ ಹೊದ್ದುಕೊಳ್ಳಿ. ಹಿಟ್ಟು, ಖಾರ, ಶೇಂಗಾ ಚಟ್ನಿ ಎಲ್ಲವನ್ನೂ ನಿಮ್ಮ ಅಣ್ಣನ ಮಗ ಅಮೋಘಿ ಗಾಡಿಯ ಮೇಲೆ ತರುತ್ತಾನೆ. ಈ ಪತ್ರವನ್ನು ಮಾತ್ರ ಅವನ ಕೈಯಲ್ಲಿ ಓದಿಸಬೇಡಿ. ನೀವು ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಇವತ್ತಿಗಾದರೂ ಉಪಯೋಗಕ್ಕೆ ಬರಲಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಯ ವಿಷಯ ತೆಗೆದ ಕೂಡಲೇ ನಿಮ್ಮ ಫೋನಿನ ಚಾರ್ಜ್ ಮುಗಿಯುತ್ತದೆ. ಅದೂ ಅಲ್ಲದೆ ನಾನು ಇಲ್ಲಿ ಏನು ಮಾತಾಡಿದರೂ ಅದು ಒಳಗಿನ ಕೋಣೆಗೆ ಕೇಳಿಸುತ್ತದೆ, ಮತ್ತು ಕೇಳಿಸಬಾರದವಳು ಅಲ್ಲೇ ಮಲಗಿದ್ದಾಳೆ.

ಅತ್ತೆಯವರು ಆರಾಮ ಇದ್ದಾರೆ. ಬಿಳಿಜೋಳ ತೆನೆ ಕಟ್ಟಿದೆ. ಹಕ್ಕಿ ಕಾಯಲು ಹೋಗಿ ಹಕ್ಕಿಗಿಂತ ಜೋರಾಗಿ ಅವರೇ ಕೂಗುತ್ತಾರೆ. ಮುತ್ತು ಎರಡನೆಯ ಇಯತ್ತೆಯಲ್ಲಿ ಮಗ್ಗಿ ಹೇಳುವುದಕ್ಕಿಂತ ಹೆಚ್ಚಾಗಿ ಮರದ ಮೇಲೆ ಇರುತ್ತಾನೆ. ಮೊನ್ನೆ ಅವನದೊಂದು ಹಲ್ಲು ಬಿತ್ತು. ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಒಗೆದು ಬಂದು, ಅಪ್ಪನಿಗೆ ಹೇಳು ಎಂದು ನಾಲ್ಕು ಸಲ ಹೇಳಿದ. ಹೇಳಿದ್ದೇನೆ.

ಇನ್ನು ನಿಮ್ಮ ಮಗಳು ವಿಜಯಲಕ್ಷ್ಮೀ, ನಮ್ಮ ವಿಜ್ಜು. ಅವಳ ಸುದ್ದಿ ಬರೆಯಲು ಕೈ ಏಳುತ್ತಿಲ್ಲ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಮಾಡಿದ್ದೆ, ಅವಳಿಗೆ ಇಷ್ಟವೆಂದು ತೆಳ್ಳಗೆ, ಕಡಕ್ಕಾಗಿ. ಎಲ್ಲರೂ ಕುಳಿತು ಕಟಕಟ ಕಡಿಯುವಾಗ ಅವಳು ರೊಟ್ಟಿಯನ್ನು ಪುಡಿ ಮಾಡಿ ಹಾಲಿನಲ್ಲಿ ಹಾಕಿ, ಗೋಡೆಯ ಕಡೆ ಮುಖ ಮಾಡಿ ತಿಂದಳು. ಹದಿನಾರು ವರ್ಷದ ಹುಡುಗಿ. ಅವಳ ಕೆಳಗಿನ ದವಡೆ ಸ್ವಲ್ಪ ಮುಂದಿದೆ ಎಂಬುದು ನಿಮಗೆ ಗೊತ್ತು. ಆದರೆ ವರ್ಷದಲ್ಲಿ ಬಹುಪಾಲು ಕುರಿಯ ಬೆನ್ನ ಹಿಂದೆ ಇರುವವರಿಗೆ ಅದು ಎಷ್ಟು ಮುಂದೆ ಬಂದಿದೆ ಎಂದು ಗೊತ್ತಿಲ್ಲ. ಬಾಯಿ ಮುಚ್ಚಿದರೆ ಮೇಲಿನ ಹಲ್ಲೆಲ್ಲ ಕೆಳಗಿನ ಹಲ್ಲಿನ ಹಿಂದೆ ಹೋಗಿ ಕೂರುತ್ತವೆ. ಮುಂದಿನ ಹಲ್ಲಿನಿಂದ ಏನನ್ನೂ ಕಡಿಯಲು ಆಗುವುದಿಲ್ಲ. ಮಾತಾಡಿದರೆ 'ಸ' ಜಾರುತ್ತದೆ. ರಾತ್ರಿ ಕಿವಿಯ ಹತ್ತಿರ ನೋವೆಂದು ಬಿಸಿಬಟ್ಟೆ ಇಟ್ಟುಕೊಳ್ಳುತ್ತಾಳೆ. ತಿಕೋಟಾದ ಬಸ್ಸಿನಲ್ಲಿ ಯಾರೋ ಹುಡುಗರು ಅವಳಂತೆ ಗದ್ದ ಮುಂದೆ ಮಾಡಿ ನಕ್ಕರಂತೆ. ಅವತ್ತಿನಿಂದ ಕಾಲೇಜು ಬಿಟ್ಟಿದ್ದಾಳೆ. ನಾನು ಬೈದೆ, ರಮಿಸಿದೆ, ಬಸ್ಸಿನವರೆಗೆ ಜೊತೆಗೂ ಹೋದೆ. ಬಸ್ಸು ಬಂತು, ಹೋಯಿತು. ಇಬ್ಬರೂ ತಿರುಗಿ ಮನೆಗೆ ಬಂದೆವು.

ಸಂಕ್ರಾಂತಿ ಮುಗಿದ ಮರುದಿನವೇ ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಹಲ್ಲಿನ ದವಾಖಾನೆಯಲ್ಲಿ ದವಡೆ ಸರಿಪಡಿಸುವವರೇ ಬೇರೆ ಇರುತ್ತಾರಂತೆ, ಸುರೈಯಾ ಅಂತ ಡಾಕ್ಟರು. ನಿಮ್ಮ ತಂಗಿಯ ವಯಸ್ಸಿರಬೇಕು, ಒಳ್ಳೆಯ ಹೆಣ್ಣುಮಗಳು. ಫೋಟೋ ತೆಗೆಸಿ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ, "ಏಳು ವರ್ಷದಾಗ ಒಮ್ಮೆ ಕರ್ಕೊಂಡ ಬಂದಿದ್ರ ಭಾಳ ಚಲೋ ಆಗ್ತಿತ್ತು ನೋಡ್ರಿ. ಆವಾಗ ಎಲುಬು ಎಳೀದಿರ್ತೈತಿ, ಹೇಳಿದ ಮಾತು ಕೇಳ್ತೈತಿ" ಅಂದರು. ಮೇಲಿನ ದವಡೆ ಸಣ್ಣದಾಗಿಯೇ ಉಳಿದು ಕೆಳಗಿನದು ಬೆಳೆಯುತ್ತಾ ಹೋಗಿದೆಯಂತೆ. ಚಿಕ್ಕಂದಿನಲ್ಲಾದರೆ ರಾತ್ರಿ ಮುಖಕ್ಕೆ ಒಂದು ಪಟ್ಟಿ ಹಾಕಿ ಮೇಲಿನದನ್ನು ಮೆಲ್ಲಗೆ ಮುಂದೆ ತರಲು ನೋಡಬಹುದಿತ್ತಂತೆ. ಈಗ ಅದು ನಡೆಯುವುದಿಲ್ಲ. ಬೆಳವಣಿಗೆ ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಆಮೇಲೆ ದವಡೆಯ ಎಲುಬನ್ನೇ ಕೊಯ್ದು ಹಿಂದೆ ಸರಿಸಬೇಕು. 'ಕೊಯ್ದು' ಎಂಬ ಮಾತು ಬಂದಾಗ ವಿಜ್ಜು ನನ್ನ ಸೆರಗು ಹಿಡಿದುಕೊಂಡಳು, ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಅಲ್ಲಿಯವರೆಗೆ ಮನೆಯಿಂದ ಹೊರಗೆ ಬರುವುದಿಲ್ಲ ಎಂದು ಹೇಳಿ ಈಗ ಕೋಣೆ ಸೇರಿದ್ದಾಳೆ.

ನಿಮಗೆ ನೆನಪಿದೆಯೋ ಇಲ್ಲವೋ. ಇವಳು ಎರಡನೆಯ ಇಯತ್ತೆಯಲ್ಲಿದ್ದಾಗ ಸಾಲಿಗೆ ಡಾಕ್ಟರರು ಬಂದು ಮಕ್ಕಳ ಬಾಯಿ ನೋಡಿದ್ದರು. ವಿದ್ಯಾವತಿ ಬಾಯಿಯವರು, ಅವಳ ಟೀಚರು, ಬಿಸಿಲಿನಲ್ಲಿ ನಡೆದು ನಮ್ಮ ಮನೆಗೇ ಬಂದರು. ಈ ಹುಡುಗಿಯ ದವಡೆ ಹೊಂದಿಲ್ಲ, ಪಟ್ಟಣದಲ್ಲಿ ತೋರಿಸಿ ಎಂದರು. ಅತ್ತೆಯವರು ಅವರಿಗೆ ಚಹಾ ಕೊಟ್ಟು, "ಹಾಲಹಲ್ಲ ಅದಾವ್ರಿ ಬಾಯಾರ. ಎರಡ ಹಲ್ಲಾಗಲಿ, ತಾನ ಸರಿ ಹೊಂದತೈತಿ" ಅಂದರು. ಕುರಿಮರಿಯ ಹಾಲುಹಲ್ಲು ಉದುರಿ ಮುಂದೆ ಎರಡು ಅಗಲ ಹಲ್ಲು ಬಂದರೆ ಮಾತ್ರ ನಮ್ಮವರಿಗೆ ಅದು ಲೆಕ್ಕಕ್ಕೆ ಬರುತ್ತದೆ, ಅದಕ್ಕೂ ಮುಂಚೆ ಬಾಯಲ್ಲಿರುವುದೆಲ್ಲ ಸುಳ್ಳು. ನಾನು ಅದೇ ಸಂಜೆ ಫೋನು ಮಾಡಿದೆ. ನೀವೂ ಅದನ್ನೇ ಅಂದಿರಿ, ನಕ್ಕು: "ಲೇ, ಮ್ಯಾಲಿನ ಹಲ್ಲ ಇಲ್ಲದ ಕುರಿನ ಮೇದು ಬದಕತೈತಿ. ಎರಡ ಹಲ್ಲಾಗಲಿ, ನಾ ಬಂದ ಮ್ಯಾಲ ನೋಡೂಣು." ನೀವು ಬಂದಿರಿ. ಮಳೆಯೂ ಬಂತು, ಬಿತ್ತನೆಯೂ ಬಂತು. ಮಗಳಿಗೆ ಎರಡಲ್ಲ, ನಾಲ್ಕು ಹಲ್ಲಾದವು, ಬಾಯಿ ತುಂಬಾ ಆದವು. ಪ್ರತಿ ಹಲ್ಲೂ ತನ್ನ ಜಾಗ ತಪ್ಪಿಯೇ ಬಂತು. ನಾನು ಹೇಳಿದಾಗಲೆಲ್ಲ ಈ ಮನೆಯಲ್ಲಿ ಒಂದೇ ಉತ್ತರ, ಅವರಪ್ಪ ಬರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳನ್ನು ಬೈಯುವಾಗ ದೊಡ್ಡದಾಗಿ ಹೇಳುತ್ತೀರಲ್ಲ, ಅದು ನಿಮ್ಮ ಮಗಳ ಎಲುಬಿಗೂ ಹೊಂದುತ್ತದೆ ಎಂದು ನಿಮಗೆ ಯಾಕೆ ಹೊಳೆಯಲಿಲ್ಲ?

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಅನ್ನಬೇಡಿ. ಸಿಟ್ಟು ದವಾಖಾನೆಯಲ್ಲೇ ಮುಗಿಯಿತು. ಹೋದ ವರ್ಷ ಬಬಲೇಶ್ವರದ ಸಂತೆಯಲ್ಲಿ ಗೊಲ್ಲಾಳಪ್ಪ ಮಾವನ ಟಗರುಮರಿಯನ್ನು ನೀವು ಬೇಡವೆಂದಿರಿ. ಬಾಯಿ ತೆರೆದು ನೋಡಿ, "ದವಡಿ ಹೊಂದಿಲ್ಲ, ನಾಳೆ ಬೆಳದ್ರ ಹುಲ್ಲ ಹರಿಯೂದಿಲ್ಲ" ಅಂದಿರಿ. ಅಲ್ಲಿದ್ದವರೆಲ್ಲ ನಿಮ್ಮ ಕಣ್ಣನ್ನು ಹೊಗಳಿದರು. ವಿಜ್ಜು ನಮ್ಮ ಜೊತೆಗೇ ಇದ್ದಳು, ನೆನಪಿದೆಯೇ? ವಿಜಯಪುರದಿಂದ ಬರುವಾಗ ಇಟ್ಟಂಗಿಹಾಳ ದಾಟಿದ ಮೇಲೆ ಅದನ್ನೇ ಕೇಳಿದಳು: "ಅವ್ವಾ, ನಾ ಕುರಿಮರಿ ಆಗಿದ್ರ ಅಪ್ಪ ಹುಟ್ಟಿದ ದಿನನ ಬಾಯಿ ತಗದ ನೋಡ್ತಿದ್ದ, ಹೌದಿಲ್ಲೋ?" ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಅವಳಿಗೆ ನೀವೇ ಹೇಳಿ.

ನನಗಂತೂ ದಾರಿ ಕಾಣುತ್ತಿಲ್ಲ. ಮುಂದೆ ಅವಳು ಎಲುಬು ಕೊಯ್ಯಿಸಿಕೊಳ್ಳುತ್ತಾಳೋ, ಹೆದರಿ ಹಾಗೇ ಉಳಿಯುತ್ತಾಳೋ ತಿಳಿಯದು. ಓದು ಹೋಯಿತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಹಾಡುತ್ತಿದ್ದಳು, ಅದೂ ನಿಂತಿದೆ. ಮನೆಯಲ್ಲಿ ಒಂದು ಮಗು ಇದ್ದೂ ಇಲ್ಲದಂತಾಗಿದೆ, ಅದರ ಪಕ್ಕದಲ್ಲೇ ನಾನು ರೊಟ್ಟಿ ಬಡಿಯುತ್ತಿದ್ದೇನೆ. ಕುರಿಯನ್ನು ಅಮೋಘಿಗೆ ಒಪ್ಪಿಸಿ ಒಮ್ಮೆ ಬಂದು ಹೋಗಿ. ಬಂದು ಏನು ಮಾಡುತ್ತೀರಿ ಎಂದರೆ ಅದೂ ನನಗೆ ಗೊತ್ತಿಲ್ಲ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಮುತ್ತು ನಾಯಿಗೆ ತನ್ನ ನಮಸ್ಕಾರ ಹೇಳಿದ್ದಾನೆ. ವಿಜ್ಜು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಹೊಳೆಯ ನೀರು ಕಾಯಿಸಿ ಕುಡಿಯಿರಿ.

ನಿಮ್ಮ
ರೇಣುಕಾ

ತಾ.ಕ.: ಅಮೋಘಿ ಗಾಡಿ ಚಾಲು ಮಾಡಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಸಣ್ಣವರಿದ್ದರೆ ಅವರನ್ನೂ ತೋರಿಸಿ, ಇದು ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದುಂಟು ಎಂದು ಸುರೈಯಾ ಡಾಕ್ಟರು ಹೇಳಿದ್ದರು. ಪತ್ರ ಮಡಚಿಟ್ಟು ಮುತ್ತುವಿಗೆ ತಲೆಗೆ ನೀರು ಎರೆಯುವಾಗ ಹಲ್ಲು ಕಚ್ಚು ಎಂದೆ. ಕಚ್ಚಿ ತೋರಿಸಿದ. ಕೆಳಗಿನ ಹಲ್ಲು ಮುಂದಿವೆ. ಅವನಿಗೆ ಈಗ ಏಳು. ಸೋಮವಾರ ಮೊದಲ ಬಸ್ಸಿಗೆ ಅವನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗುತ್ತೇನೆ, ನಿಮ್ಮ ಫೋನಿಗಾಗಿ ಕಾಯುವುದಿಲ್ಲ. ಇದನ್ನು ಕೇಳಿ ಅತ್ತೆಯವರು, "ಎರಡ ಹಲ್ಲರ ಆಗಲಿ ತಡಿ, ಅವರಪ್ಪ ಬರಲಿ" ಅಂದರು. ಆಗ ವಿಜ್ಜು ಕೋಣೆಯಿಂದ ಹೊರಗೆ ಬಂದು, ಅಜ್ಜಿಯ ಕೈ ಹಿಡಿದು ತನ್ನ ಗದ್ದದ ಮೇಲೆ ಇಟ್ಟುಕೊಂಡು ಹೇಳಿದಳು: "ಆಯಿ, ಕೈಯಾಡಿಸಿ ನೋಡು. ಇದೂ ಅಪ್ಪ ಬರಲಿ ಅಂತನ ಕಾದಿದ್ದು."