ಶರಾವತಿಯ ತೋಳಿನ ಕೆಂಪು

ಸಾಗರ,
೧೮ ಫೆಬ್ರವರಿ ೧೯೬೩

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ತೀರ್ಥಹಳ್ಳಿ ಕಡೆ ಹಚ್ಚೆ ಹಾಕಿಸಿಕೊಳ್ಳುವವರು ಸಿಗುತ್ತಿದ್ದಾರೋ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ? ಈ ಕಾಗದವನ್ನು ನೀನು ಇಳಿದುಕೊಂಡಿರುವ ಮನೆಯ ಅನ್ನಪೂರ್ಣೇಶ್ವರಿಯಮ್ಮನವರೇ ಓದಿ ಹೇಳಬೇಕು. ಅವರೆದುರು ಇದನ್ನೆಲ್ಲ ಕೇಳಿಸಿಕೊಳ್ಳಬೇಕಲ್ಲ ನೀನು, ಅದನ್ನು ನೆನೆದರೇ ಬರೆಯುವ ಕೈ ನಿಲ್ಲುತ್ತದೆ.

ಹುಂಚದ ಮಾಸ್ತಪ್ಪನವರ ಮಗಳು ಶರಾವತಿಗೆ ಮದುವೆ ಗೊತ್ತಾಗಿದೆ. ಲಿಂಗನಮಕ್ಕಿ ಕೆಲಸಕ್ಕೆ ಬಂದವರ ತೋಳಿನಲ್ಲಿ ಬಣ್ಣದ ಹಚ್ಚೆ ನೋಡಿ ಅವಳಿಗೂ ಆಸೆಯಾಯಿತಂತೆ. ನಿನ್ನ ಅಳಿಯ ಸಂತೆಯಿಂದ ಕೆಂಪು, ಹಳದಿ ಪುಡಿ ತಂದುಕೊಟ್ಟರು. ಬಟ್ಟೆಗೆ ಹಾಕುವ ಬಣ್ಣವೆಂದು ನನಗೆ ಗೊತ್ತಿತ್ತು. "ಬಟ್ಟೇಲೇ ಹೋಗಲ್ಲ, ಮೈಯಲ್ಲಿ ಹೋಗ್ತದಾ?" ಎಂದರು. ನಾನೂ ಸೂಜಿ ಹಿಡಿದೆ. ತೋಳಿನ ಮೇಲೆ ಎಲೆಯಿರುವ ಒಂದು ಹೂವು. ಎಲೆಗೆ ನಮ್ಮ ಮಾಮೂಲಿ ಕಾಡಿಗೆ, ಸೊಪ್ಪಿನ ರಸ. ಎಸಳಿಗೆ ಕೆಂಪು, ನಡುವೆ ಹಳದಿ. ಎಷ್ಟು ಚೆಂದ ಕಂಡಿತ್ತು ಗೊತ್ತಾ ಅವ್ವಾ!

ಗಾಯ ಒಣಗುವಷ್ಟರಲ್ಲಿ ಹಳದಿ ಮಾಯ. ಕೆಂಪು ಊದಿಕೊಂಡು ಕೀವಾಯಿತು. ಜ್ವರದಲ್ಲಿ ನಡುಗುವ ಮಗಳನ್ನು ಬಸ್ಸಿನಲ್ಲಿ ಕರೆತಂದು ಮಾಸ್ತಪ್ಪನವರು ಮೊನ್ನೆ ನಮ್ಮ ಬಾಗಿಲಿಗೇ ಬಂದರು. "ಎಂತ ಹಾಕಿದ್ಯೇ ಮಾರಾಯ್ತಿ? ಡಾಕ್ಟ್ರು ಕೇಳಿದ್ರೆ ಎಂತ ಹೇಳ್ಲಿ?" ನಮ್ಮ ಮನೆಯವರು ನನಗಿಂತ ಮುಂಚೆ ಬಾಯಿ ಹಾಕಿ, "ನಿಮ್ಮ ಹುಡುಗಿ ಮೈಯೇ ಸರಿಯಿಲ್ಲ, ಬಣ್ಣ ಏನ್ ಮಾಡ್ತದೆ?" ಎಂದುಬಿಟ್ಟರು. ಬೀದಿಯವರೆಲ್ಲ ಕೇಳುತ್ತಿದ್ದರು. ಮದುವೆಯಾಗುವ ಹುಡುಗಿಗೆ ಆ ಮಾತು! ಅವಳು ಸೆರಗಿನಿಂದ ತೋಳು ಮುಚ್ಚಿಕೊಂಡಳು.

ಅವರಿಬ್ಬರೂ ಆಸ್ಪತ್ರೆ ಕಡೆ ಬೀದಿ ತಿರುಗಿದ ಮೇಲೆ ತಡೆಯಲಾಗಲಿಲ್ಲ. ಉಳಿದ ಪುಡಿ ಸೆರಗಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರ ಮೇಜಿನ ಮೇಲಿಟ್ಟು, "ಹುಡುಗಿ ಮೈಯಲ್ಲಿ ದೋಷ ಇಲ್ಲ ಸ್ವಾಮಿ, ಇದು ಬಟ್ಟೆ ಬಣ್ಣ, ನಾನೇ ಹಾಕಿದ್ದು" ಎಂದೆ. ಬೈದರು, ಬೈಸಿಕೊಂಡೆ. ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ತೋಳಿಗೆ ಭಯವಿಲ್ಲವಂತೆ, ಕಲೆ ಮಾತ್ರ ಹೋಗುವುದಿಲ್ಲವಂತೆ. ಮಾಸ್ತಪ್ಪನವರು ನನ್ನತ್ತ ತಿರುಗಿಯೂ ನೋಡಲಿಲ್ಲ. ಶರಾವತಿ, "ಹಸಿರೆಲೆ ಉಳೀತದಲ್ವಾ ಅಕ್ಕಾ?" ಎಂದಳು. ಅವಳೂ ಬೈದಿದ್ದರೆ ಹಗುರಾಗುತ್ತಿತ್ತು. ಅಂದಿನಿಂದ ಇವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಅನ್ನಪೂರ್ಣೇಶ್ವರಿಯಮ್ಮನವರಿಗೆ ನಮಸ್ಕಾರ. ಮಂಡಿಗೆ ಬಿಸಿನೀರು ಹಾಕಿಕೊಳ್ಳುವುದನ್ನು ಬಿಡಬೇಡ.

ನಿನ್ನ ಕಾಲು ಮುಟ್ಟಿ,
ಕನ್ನಮ್ಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಹೊರಡುವಾಗ ಇವರು ನಿನ್ನ ಸೂಜಿ ಡಬ್ಬಿಯಲ್ಲಿ ಕೆಂಪು ಪೊಟ್ಟಣ ಇಟ್ಟು, "ಮುಂಬಯಿ ಹಚ್ಚೆ ಬಣ್ಣ ಅತ್ತೆ" ಅಂದರಲ್ಲ, ಅದೂ ಇದೇ ಪುಡಿ. ನಾನು ಅಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಯಾರಿಗೂ ಹಾಕಬೇಡವ್ವಾ. ಹಾಕಿದ್ದರೆ ಈಗಲೇ ಎದ್ದು ಅವರ ಮನೆಗೆ ಹೋಗು. ಗೊತ್ತಿದ್ದೂ ಹೇಳದೆ ಕಳಿಸಿದವಳು ನನ್ನ ಮಗಳು ಎಂದೇ ಹೇಳು.