ಹತ್ತನೆಯ ಮಗು

ಸೋಮವಾರ, ೧೨ ಮೇ

ಪ್ರೀತಿಯ ಮಗಳೇ,

ನೀವೆಲ್ಲ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಅಳಿಯಂದಿರ ಸೊಂಟನೋವು ಹೇಗಿದೆ? ಚಿಕ್ಕವಳಿಗೆ ಬಿದ್ದ ಮುಂದಿನ ಹಲ್ಲು ಮತ್ತೆ ಬಂತೇ? ನಿನ್ನ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ತಿಂಗಳು ಹಿಡಿಯಿತು, ಬೇಸರ ಮಾಡಿಕೊಳ್ಳಬೇಡ. ಸೋಮಾರಿತನದಿಂದಲ್ಲ. ನಡುವೆ ಒಂದು ಶಾಲೆ ಶುರುಮಾಡಿದೆ.

ಸೇತುವೆ ದಾಟಿದರೆ ನಿನ್ನ ಮನೆ, ಇಪ್ಪತ್ತು ನಿಮಿಷದ ನಡಿಗೆ. "ಇಷ್ಟು ದೂರಕ್ಕೆ ಯಾಕೆ ಟೀಚರ್ ಅಂಚೆಚೀಟಿ ದಂಡ ಮಾಡ್ತೀರಿ?" ಎಂದು ಅಂಚೆಯವನು ಕೇಳುತ್ತಾನೆ. ಎದುರಿಗೆ ಬಂದರೆ ನನ್ನ ಬಾಯಲ್ಲಿ ಅಮ್ಮನಿಗಿಂತ ಮೊದಲು ಟೀಚರ್ ಮಾತಾಡಿಬಿಡುತ್ತಾಳೆ, ಅದು ನಿನಗೂ ಗೊತ್ತು. ಕಾಗದವಾದರೆ ಅಂಚೆಪೆಟ್ಟಿಗೆಗೆ ಹಾಕುವ ಮೊದಲು ಇನ್ನೊಮ್ಮೆ ಓದಬಹುದು.

ಚರ್ಚಿನ ಪಕ್ಕದ ಕೋಣೆಯಲ್ಲಿ ಶಾಲೆ ತೆರೆಯುವ ಯೋಚನೆಯಿದೆ, ಚಿಕ್ಕವಳನ್ನು ಕಳಿಸು ಎಂದು ಜನವರಿಯಲ್ಲಿ ನಾನು ಎರಡು ಪುಟ ಬರೆದಿದ್ದೆ. ನೀನು ಒಂದೇ ಸಾಲು ಬರೆದೆ: "ನೀನು ನಿಂತಿರೋ ಕ್ಲಾಸಲ್ಲಿ ನನ್ನ ಮಗಳು ಕೂರಲ್ಲ." ಓದಿ ಮೈಯೆಲ್ಲ ಉರಿದುಹೋಯಿತು. ಕೆಂಪು ಪೆನ್ನು ತೆಗೆದುಕೊಂಡು ಕೂತೆ, ಅಭ್ಯಾಸ ನೋಡು. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.

ಶಾಲೆಯ ಸಮಿತಿಯಲ್ಲಿ ನನ್ನನ್ನು ಬಿಟ್ಟು ಮೂವರು. ಒಬ್ಬ ಪಾದ್ರಿ. ಊರೆಲ್ಲ ಅವನನ್ನು ಬಹುವಚನದಲ್ಲಿ ಕರೆಯುತ್ತದೆ, ನನ್ನ ಬಾಯಿಗೆ ಅದಿನ್ನೂ ಬಂದಿಲ್ಲ. ಇನ್ನೊಬ್ಬ ಶವಪೆಟ್ಟಿಗೆ ಮಾಡುವ ಬಡಗಿ, ಪೆಟ್ಟಿಗೆ ಮೇಸ್ತ್ರಿ. ಮೂರನೆಯವಳು ನಿನ್ನ ಪಕ್ಕ ಕೂರುತ್ತಿದ್ದ ಗೆಳತಿ, ಈಗ ಚರ್ಚಿನಲ್ಲಿ ಹಾಡು ಹೇಳಿಸುವವಳು. ಮೂವರೂ ನನ್ನ ಕೈಕೆಳಗೆ ಓದಿದವರೇ. ನಾನು ಒಳಗೆ ಹೋದರೆ ಪಾದ್ರಿ ಇವತ್ತಿಗೂ ಎದ್ದು ನಿಲ್ಲುತ್ತಾನೆ. ಹೋದ ಭಾನುವಾರ ಎಲ್ಲರೂ ಮೊಣಕಾಲೂರಿದ್ದಾಗ ತಡವಾಗಿ ಹೋದೆ, ಅವನೊಬ್ಬ ಎದ್ದು ನಿಂತ. ಅವನನ್ನು ನೋಡಿ ಇಡೀ ಸಭೆಯೇ ಎದ್ದಿತು. ಪ್ರಾರ್ಥನೆ ಅಲ್ಲಿಗೇ ಮುಗಿಯಿತು.

ಬೆಂಚುಗಳನ್ನು ಮೇಸ್ತ್ರಿ ಪುಕ್ಕಟೆ ಮಾಡಿಕೊಡುತ್ತೇನೆಂದ. ಅಳತೆ ತೆಗೆಯಲು ಬಂದವನು ಮಕ್ಕಳನ್ನು ಸಾಲಾಗಿ ನೆಲದ ಮೇಲೆ ಮಲಗಿಸಿ, ತಲೆಯಿಂದ ಪಾದದವರೆಗೆ ಟೇಪು ಹಿಡಿದ. ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರ ಮುಖದಲ್ಲಿ ರಕ್ತವಿಲ್ಲ. "ಅಯ್ಯೋ, ಕೂತವರ ಅಳತೆ ತೆಗೆದು ನಂಗೆ ಅಭ್ಯಾಸ ಇಲ್ಲಮ್ಮಾ" ಎಂದ. ಬೆಂಚುಗಳು ಬಂದವು, ಬಲು ಗಟ್ಟಿ, ಬಲು ನುಣುಪು, ಎರಡೂ ಕಡೆ ಎತ್ತಲು ಮೂರು ಮೂರು ಹಿತ್ತಾಳೆ ಹಿಡಿ. ಆ ಸಂಜೆಯೇ ಒಬ್ಬ ತಾಯಿ ಮಗುವನ್ನು ಬಿಡಿಸಿಕೊಂಡು ಹೋದಳು. ಹತ್ತಿದ್ದವರು ಒಂಬತ್ತಾದರು.

ನಮ್ಮ ಫಜೀತಿ ಇರುವುದೇ ಅಲ್ಲಿ. ತಿಂಗಳ ಕೊನೆಯೊಳಗೆ ಹತ್ತು ಮಕ್ಕಳಿಲ್ಲದಿದ್ದರೆ ಶಿಕ್ಷಣ ಕಚೇರಿಯವರು ಅನುಮತಿ ಕೊಡುವುದಿಲ್ಲ. ಒಂಬತ್ತೂವರೆ ಮಕ್ಕಳಾದರೆ ಕೊಡುತ್ತೀರಾ ಎಂದು ಪಾದ್ರಿ ಕೇಳಿದನಂತೆ, ಅವನ ಹೆಂಡತಿ ಬಸುರಿ.

ಶಾಲೆಯ ಧ್ಯೇಯವೇನು ಎಂದು ಬರೆದು ಕೊಡಬೇಕಿತ್ತು. ಸಭೆ ಕೂಡಿದೆವು. ಯಾವ ಮನೆಯ ಮಗು ಬಂದರೂ, ಯಾವ ದೇವರಿಗೆ ಕೈಮುಗಿಯುವವರಾದರೂ, ಬಾಗಿಲಿನಿಂದ ಹಿಂದಕ್ಕೆ ಕಳಿಸಬಾರದು ಎಂದು ಪಾದ್ರಿ ಓದಿದ. ಎಲ್ಲರೂ ಒಪ್ಪಿದರು. ಎರಡನೆಯದನ್ನು ನಾನು ಬರೆದುಕೊಂಡು ಹೋಗಿದ್ದೆ: ಈ ಶಾಲೆಯಲ್ಲಿ ಯಾರೂ ಮಗುವಿನ ಮೇಲೆ ಕೈಮಾಡಬಾರದು.

ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡ. "ಟೀಚರ್, ಇದು ನೀವೇ ಬರೆದಿದ್ದಾ?"

"ಮತ್ಯಾರು ಬರೀತಾರೆ?"

ಮೇಸ್ತ್ರಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಹಾಗಾದ್ರೆ ನಾವು ತಿಂದಿದ್ದೆಲ್ಲ ದಂಡಕ್ಕಾ? ಟೀಚರ್ ಹೊಡೆದಿದ್ದಕ್ಕೇ ಮನುಷ್ಯ ಆದೆ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಹೊಡೀದೆ ಇದ್ರೂ ಆಗ್ತಿದ್ದೆ ಅಂದ್ರೆ ನನ್ನ ಮಾತಿಗೆ ಏನು ಬೆಲೆ?"

"ಯೇಸು ಮಕ್ಕಳನ್ನ ಹತ್ತಿರ ಕರೆದ್ರು ಅಂತಷ್ಟೇ ಇದೆ. ಕರೆದು ಬೆತ್ತ ತಗೊಂಡ್ರು ಅಂತ ಎಲ್ಲೂ ಇಲ್ಲ" ಎಂದ ಪಾದ್ರಿ.

"ಹೋದ ವರ್ಷ ಅದೇ ವಾಕ್ಯದ ಮೇಲೆ ಒಂದು ಗಂಟೆ ಮಾತಾಡಿದ್ರಲ್ಲ, ಆಗ ಯಾಕೆ ಹೇಳ್ಲಿಲ್ಲ?" ಎಂದ ಮೇಸ್ತ್ರಿ.

"ಆಗ ಟೀಚರ್ ಮುಂದಿನ ಸಾಲಲ್ಲೇ ಕೂತಿದ್ರು."

ಒಪ್ಪಿದವರು ಕೈ ಎತ್ತಿ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೇನೋ. ಪಾದ್ರಿ ಎತ್ತಿದ, ನಿನ್ನ ಗೆಳತಿ ಎತ್ತಿದಳು. ಮೀಸೆ ನರೆತ ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿ ಅಂಗೈ ಮುಂದಕ್ಕೆ ಚಾಚಿದ. ನಿನ್ನ ಗೆಳತಿ ನಕ್ಕು ನಕ್ಕು ಮೇಜು ಹಿಡಿದುಕೊಂಡಳು. ಮೇಸ್ತ್ರಿಯೂ ನಕ್ಕ, ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು. ನಲವತ್ತು ದಾಟಿದ ಗಂಡಸು ಮಗಳೇ, ಈಗಲೂ ನನಗೆ ಹೆದರುತ್ತಾನೆ.

ಬೆಳಗಿನ ಪಾಠ ಆಗಲೇ ಶುರುವಾಗಿದೆ. ನಿಯಮ ಬರೆಯುವುದು ಸುಲಭ, ಈ ಕೈಗೆ ಹೇಳುವವರು ಯಾರು? ಮೊನ್ನೆ ಒಬ್ಬ ಪೋರ ಬಳಪ ತಿಂದು, ಪಕ್ಕದವಳಿಗೂ ಅರ್ಧ ಕೊಟ್ಟ. ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಹೋದ ಕೈಯನ್ನು ಏನು ಮಾಡುವುದು, ಕಿಟಕಿ ತೆರೆದೆ. ಆ ಬೆಳಿಗ್ಗೆ ನಾಲ್ಕು ಸಲ ಕಿಟಕಿ ತೆರೆದೆ. ಟೀಚರ್‌ಗೆ ಸೆಕೆ ಜಾಸ್ತಿ ಎಂದು ಮಕ್ಕಳು ಮನೆಯಲ್ಲಿ ಹೇಳಿದ್ದಾರಂತೆ. ನಗಬೇಡ. ಹೊಡೆದಿಲ್ಲ ಎಂಬುದಷ್ಟೇ ನೋಡು.

ಆದ್ದರಿಂದ ಕೇಳುತ್ತಿದ್ದೇನೆ. ಹತ್ತನೆಯ ಮಗು ನಮ್ಮ ಚಿಕ್ಕವಳಾಗಲಿ. ಒಂದು ಹೆಸರು ಸಾಕು, ಶಾಲೆ ಉಳಿಯುತ್ತದೆ. ಬೇಕಾದರೆ ಅವಳನ್ನು ಬಾಗಿಲ ಹತ್ತಿರವೇ ಕೂರಿಸುತ್ತೇನೆ

ಶುಕ್ರವಾರ, ೧೬ ಮೇ

ಇಷ್ಟು ಬರೆಯುವಾಗ ಪಾದ್ರಿ ಬಂದ, ಪತ್ರ ಅರ್ಧಕ್ಕೇ ನಿಂತಿತು. ಇವತ್ತು ಬೇರೆಯದೇ ಸುದ್ದಿ. ಬೆಳಿಗ್ಗೆ ನಿನ್ನ ಗೆಳತಿ ತನ್ನ ಮಗನ ಕೈಹಿಡಿದು ಬಂದಳು. ಇಷ್ಟು ದಿನ ನಾಳೆ, ನಾಡಿದ್ದು ಎನ್ನುತ್ತಿದ್ದಳು. "ಸೇರಿಸ್ತೀನಿ ಟೀಚರ್. ಆದ್ರೆ ಒಂದು ತಿಂಗಳು ನಾನು ಹಿಂದೆ ಕೂತಿರ್ತೀನಿ."

"ಯಾಕೆ, ನಿನಗೆ ಮಗ್ಗಿ ಬರಲ್ವಾ?"

"ಬರತ್ತೆ. ನಿಮ್ಮ ಕೈ ನೋಡ್ಕೊಂಡು ಕೂತಿರ್ತೀನಿ."

ಕೂತಳು, ಸ್ವೆಟರ್ ಹೆಣೆಯುತ್ತ. ನಾನು ಕೈಯೆತ್ತಿ ಬೋರ್ಡು ಒರೆಸಿದರೂ ಅವಳ ಕಡ್ಡಿಗಳು ನಿಲ್ಲುತ್ತಿದ್ದವು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇವತ್ತಿನಷ್ಟು ಬೆವರಿದ್ದಿಲ್ಲ. ಮಧ್ಯಾಹ್ನ ಕಚೇರಿಯವರು ಬಂದು ತಲೆ ಎಣಿಸಿದರು. ಹತ್ತು. ಬೆಂಚಿನ ಹಿಡಿಗಳು ಯಾತಕ್ಕೆ ಎಂದು ಕೇಳಿದರು. ಮಕ್ಕಳು ಬೀಳದಿರಲಿ ಅಂತ ಎಂದ ಮೇಸ್ತ್ರಿ. ಬಹಳ ಒಳ್ಳೆಯ ಯೋಚನೆ ಎಂದು ಬರೆದುಕೊಂಡು ಸಹಿ ಹಾಕಿದರು.

ಶಾಲೆ ಉಳಿಯಿತು. ಸೋಮವಾರ ಬರೆದದ್ದನ್ನು ಹರಿದುಹಾಕಲು ಹೊರಟೆ, ಆಮೇಲೆ ಬೇಡವೆನಿಸಿತು. ನಿನ್ನ ಮಗಳನ್ನು ಅವತ್ತು ಲೆಕ್ಕ ತುಂಬಿಸಲಿಕ್ಕೆ ಕೇಳಿದೆ, ಅದು ನಿನಗೆ ಗೊತ್ತಿರಲಿ. ಈಗ ಶಾಲೆಗೆ ಅವಳು ಬೇಕಾಗಿಲ್ಲ. ನನಗೆ ಬೇಕು. ಕಳಿಸುತ್ತೀಯೋ ಇಲ್ಲವೋ, ನಿನ್ನಿಷ್ಟ. ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ತಾಯಿ ಕೂರುವಷ್ಟು ಜಾಗವಂತೂ ಇದೆ.

ನೀವು ಮೂವರೂ ಸುಖವಾಗಿರಿ. ದೇವರು ನಿಮ್ಮ ಮನೆಯಲ್ಲಿ ಯಾವಾಗಲೂ ನಗು ಇಟ್ಟಿರಲಿ. ಚಿಕ್ಕವಳಿಗೆ ಒಂದು ಮುತ್ತು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ಮನೆಗೆ ಹೊರಟ ನಿನ್ನ ಗೆಳತಿ ಬಾಗಿಲಲ್ಲಿ ನಿಂತು, "ಟೀಚರ್, ನಾಲ್ಕನೇ ಕ್ಲಾಸಲ್ಲಿ ಗ್ಲೋಬ್ ಒಡೆದಿದ್ದು ನಾನು. ಏಟು ತಿಂದಿದ್ದು ನಿಮ್ಮ ಮಗಳು" ಎಂದಳು. ಗೊತ್ತು ಎಂದೆ. ಯಾವಾಗಿಂದ ಎಂದು ಕೇಳಿದಳು. ಅವತ್ತಿಂದಲೇ ಎಂದೆ. ಅವಳು ಮಗನನ್ನು ಕರೆದುಕೊಂಡು ಹೋದಳು.

ಅವಳು ಅದನ್ನು ಬೀಳಿಸಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಹಿಂದಿನ ವಾರವಷ್ಟೇ ಅವಳ ಅಮ್ಮ, ಮಗಳಿಗೆ ಹೊಡೆದೆನೆಂದು ಬಂದು, ಹೆಡ್‌ಮಾಸ್ತರರ ಮುಂದೆ ನನ್ನ ಮಾನ ಕಳೆದಿದ್ದಳು. ಇನ್ನೊಮ್ಮೆ ಅದನ್ನು ಎದುರಿಸುವ ಶಕ್ತಿ ನನಗಿರಲಿಲ್ಲ. ಯಾರಿಗಾದರೂ ಹೊಡೆಯಲೇಬೇಕಿತ್ತು, ಇಡೀ ತರಗತಿ ನೋಡುತ್ತಿತ್ತು. ನಿನ್ನನ್ನು ಕರೆದೆ. ನೀನು "ನಾನಲ್ಲ ಟೀಚರ್" ಎಂದೆ. ಅಮ್ಮ ಎನ್ನಲಿಲ್ಲ, ಶಾಲೆಯಲ್ಲಿ ಹಾಗೆ ಕರೆಯಬಾರದೆಂದು ನಾನೇ ಹೇಳಿಕೊಟ್ಟಿದ್ದೆ. ಅವಳಿಗೆ ಹೊಡೆದಿದ್ದರೆ ಕೇಳಲು ಅವಳ ಅಮ್ಮ ಬರುತ್ತಿದ್ದಳು. ನಿನಗೆ ಹೊಡೆದರೆ ಕೇಳಲು ಬರಬೇಕಾದವಳು ನಾನು. ಬರಲಿಲ್ಲ. ತಪ್ಪಾಯಿತು, ಮಗಳೇ.