ಅಕ್ಕುಗೆ ಊರು ತೋರಿಸಿದ ಭಾನುವಾರ

ಶಹಾಡ್, ಕಲ್ಯಾಣ
ಸೋಮವಾರ, 20 ಜನವರಿ 2025

ಚಿ. ಸೌ. ಕಾಂಚನಾಗೆ ನಿನ್ನ ಮಾವ ಮಹಾದೇವಪ್ಪನ ತುಂಬು ಆಶೀರ್ವಾದ.

ಮೊದಲು ನಿನ್ನ ಆರೋಗ್ಯ ಹೇಗಿದೆ ಎಂದು ತಿಳಿಸು. ಹೊಲಿಗೆ ಮಷಿನ್ ತುಳಿದು ಕಾಲು ಬಾತುಕೊಳ್ಳುತ್ತದೆ ಎಂದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂಡಬೇಕಂತೆ, ನಿನ್ನ ಅತ್ತೆ ಮರಗಮ್ಮ ಹೇಳಿದ್ದಾಳೆ. ನಿನ್ನ ಯಜಮಾನರು ಲಕ್ಷ್ಮೀಕಾಂತ ಅವರಿಗೆ ಈಗಲೂ ಸೊಲ್ಲಾಪುರದ ಬಸ್ಸಿನ ಡ್ಯೂಟಿಯೇ? ಚಳಿಯಲ್ಲಿ ಬೆಳಗಿನ ಗಾಡಿ ಹೊಡೆಯುವುದು ಕಷ್ಟ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳಲು ಹೇಳು. ನಾವಿಲ್ಲಿ ಇದ್ದೇವೆ. ನಿನ್ನ ಅತ್ತೆ ಬಿ.ಪಿ. ಗುಳಿಗೆ ನುಂಗುತ್ತಾಳೆ, ಅಡುಗೆ ಮಾಡುತ್ತಾಳೆ. ನಾನು ಗೋದಾಮಿನ ವಾಚ್‌ಮನ್ ಕೆಲಸಕ್ಕೆ ಹೋಗಿ ಬರುತ್ತೇನೆ. ನಿನ್ನ ಕೂಸು ಅಕ್ಕು ಹುಷಾರಾಗಿದ್ದಾಳೆ, ಮುಂದಿನ ಹಲ್ಲು ಅಲುಗಾಡಲು ಶುರುವಾಗಿದೆ. ಫೋನ್ ಬಿಟ್ಟು ಪತ್ರ ಯಾಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ಕೂಸು ಪಕ್ಕದಲ್ಲೇ ನಿಂತಿರುತ್ತದೆ, ಊಟ ಆಯಿತೇ ಎಂದು ಕೇಳುವುದರಲ್ಲೇ ಮಾತು ಮುಗಿದುಹೋಗುತ್ತದೆ.

ನಿನ್ನೆ ನಾವು ಮೂವರೂ ತಿರುಗಾಡಲು ಹೋಗಿದ್ದೆವು. ಹೊರಡಿಸಿದ್ದು ಮರಗಮ್ಮ. ದೀಪಾವಳಿಗೆ ಬಂದಾಗ ನೀನು, ಅಕ್ಕುವನ್ನು ವಿಜಯಪುರಕ್ಕೆ ನಮ್ಮ ಮನೆಗೆ ಕರೆದೊಯ್ಯುತ್ತೇನೆ ಎಂದೆ. ನಿನ್ನ ಎರಡನೇ ಮದುವೆಯನ್ನು ಮುಂದೆ ನಿಂತು ಮಾಡಿದವರು ನಾವೇ ಆದರೂ ಕೂಸನ್ನು ಬಿಟ್ಟುಕೊಡಲಾಗಲಿಲ್ಲ. ನಮ್ಮ ಮಗ ದಿಲೀಪನದು ಎಂದು ಉಳಿದಿರುವುದು ಅದೊಂದೇ, ಅದಕ್ಕೆ ಇಲ್ಲಿ ಏನು ಕಡಿಮೆಯಾಗಿದೆ ಎಂದು ನಿನ್ನ ಅತ್ತೆ ವಾದಿಸಿದಳು. ನೀನು ಹೋದ ಮೇಲೆ ಅದೇ ಮಾತು ಅವಳ ತಲೆಯಲ್ಲಿ ಕೂತಿತು. ಇಷ್ಟು ದೊಡ್ಡ ಊರಿನಲ್ಲಿದ್ದೂ ಕೂಸಿಗೆ ಏನೂ ತೋರಿಸಿಲ್ಲ ಎಂದು ನಾಳೆ ನೀನು ಅಂದರೆ ಏನು ಉತ್ತರ ಕೊಡುವುದು? ಹಾಗಾಗಿ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಲೋಕಲ್ ರೈಲು ಹತ್ತಿದೆವು.

ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್, ಗಾಡಿ ನಿಂತು ನಿಂತು ಹೋಯಿತು. ಡೊಂಬಿವಲಿ ದಾಟಿದ ಮೇಲೆ ನಮ್ಮ ದಿಲೀಪ ಬಾಗಿಲಿನಿಂದ ಬಿದ್ದ ಜಾಗ ಬರುತ್ತದಲ್ಲ, ಅಲ್ಲೂ ನಿಂತಿತು. ಮೊದಲಾದರೆ ನಾನು ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದೆ. ಈಗ ಏನೂ ಆಗುವುದಿಲ್ಲ ಕಾಂಚನಾ. ಹಳಿ ನೋಡಿದೆ, ಜಲ್ಲಿಕಲ್ಲು ನೋಡಿದೆ, ಒಣಗಿದ ಹುಲ್ಲು ನೋಡಿದೆ. ಮರಗಮ್ಮ ಅಕ್ಕುವಿನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಗಾಡಿ ಬಿಟ್ಟಿತು.

ಠಾಣೆಯಲ್ಲಿ ಇಳಿದು ತಲಾವ್ ಪಾಳಿ ಕೆರೆಗೆ ಹೋಗಿ ದೋಣಿ ಹತ್ತಿದೆವು. ಜೊತೆಯಲ್ಲಿ ಬೇರೆ ಮಕ್ಕಳೂ ಇದ್ದರು, ನೀರಿಗೆ ಕೈಬಿಟ್ಟು ಒಬ್ಬರ ಮೇಲೊಬ್ಬರು ಚೆಲ್ಲಿ ಕಿರುಚುತ್ತಿದ್ದರು. ಅಕ್ಕುವಿನ ಮುಖಕ್ಕೂ ಒಂದು ಬೊಗಸೆ ನೀರು ಬಿತ್ತು. ಅವಳು ಮೊದಲು ಆಯಿ ಮರಗಮ್ಮನ ಮುಖ ನೋಡಿದಳು, ಆಮೇಲೆ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು ತೊಡೆಯ ಮೇಲೆ ಕೈ ಇಟ್ಟು ಕೂತಳು. ನೌಪಾಡಾದ ಉಡುಪಿ ಹೋಟೆಲಿನಲ್ಲಿ ಅವಳಿಗೆಂದು ದೋಸೆ ಹೇಳಿದೆವು. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದವರು ಕನ್ನಡದಲ್ಲಿ ಹೆಸರು ಕೇಳಿದರೆ ಇವಳು ಹಿಂದಿಯಲ್ಲಿ ಹೇಳಿದಳು. ಅವರು ನಕ್ಕು, "ಪಾಪದ ಮಗು ಮಾರಾಯ್ರೆ, ಒಂದು ಗಲಾಟೆ ಇಲ್ಲ" ಎಂದರು. ಮರಗಮ್ಮನಿಗೆ ಹೆಮ್ಮೆಯಾಯಿತು. "ಹೌದ್ರೀ, ನಮ್ಮ ಕೂಸು ಭಾಳ ಶಾಣ್ಯಾ. ಕಾಡೂದಿಲ್ಲ, ಬೇಡೂದಿಲ್ಲ" ಎಂದಳು. ನನಗೂ ಆಗ ಅದು ಹೊಗಳಿಕೆಯೆಂದೇ ಅನಿಸಿತ್ತು.

ಅಲ್ಲಿಂದ ನೆರೂಳಿಗೆ ಗಾಡಿ ಹಿಡಿದು, ರಿಕ್ಷಾ ಮಾಡಿಕೊಂಡು ರಾಜಹಂಸಗಳು ಇಳಿಯುವ ಕೆಸರು ನೀರಿನ ದಂಡೆಗೆ ಹೋದೆವು. ನೀನು ಇಲ್ಲಿದ್ದಷ್ಟು ವರ್ಷ ಅತ್ತ ಹೋಗಲೇ ಇಲ್ಲ. ಬಿಳಿಯಲ್ಲ, ಕೆಂಪಲ್ಲ, ತೊಳೆದು ತೊಳೆದು ಬಣ್ಣ ಬಿಟ್ಟ ಗುಲಾಬಿ ಸೀರೆಯಂತೆ ನೀರಿನ ತುಂಬ ನಿಂತಿದ್ದವು. ಚೆನ್ನಾಗಿವೆ ಎಂದು ನನಗೆ ಗೊತ್ತಾಯಿತು, ಅಷ್ಟೇ. ಮರಗಮ್ಮ, ಇಷ್ಟು ಸಣ್ಣ ಕಾಲಿನ ಮೇಲೆ ಹೆಂಗ ನಿಲ್ತಾವೋ ಎಂದು ಹೇಳಿ ಕಲ್ಲಿನ ಮೇಲೆ ಕೂತಳು. ಅಷ್ಟರಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದ ದಪ್ಪ ಮನುಷ್ಯನೊಬ್ಬ ಹಿಂದೆ ಹಿಂದೆ ಸರಿದು ಮೊಣಕಾಲುದ್ದ ಕೆಸರಿಗೆ ಇಳಿದ. ಕಾಲು ಕಿತ್ತರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಚಪ್ಪಲಿಗೆ ಬಗ್ಗಿದವನು ಅಲ್ಲೇ ಕೂತುಬಿಟ್ಟ. ಅವನ ಹೆಂಡತಿಯೇ ಮೊದಲು ನಕ್ಕಳು, ಆಮೇಲೆ ದಂಡೆಯ ಜನರೆಲ್ಲ ನಕ್ಕರು.

ಅಕ್ಕು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತಳು. ಭುಜ ಅಲುಗುತ್ತಿತ್ತು. ಹೆದರಿ ಅಳುತ್ತಿದ್ದಾಳೆ ಎಂದುಕೊಂಡು ಕೈ ಬಿಡಿಸಿ ನೋಡಿದರೆ ನಗು. ಮುಖವೆಲ್ಲ ಕೆಂಪಾಗಿತ್ತು. ಪಿಸುಮಾತಿನಲ್ಲಿ, "ಮುತ್ಯಾ, ಇಲ್ಲಿ ನಕ್ಕರ ಚಲ್ತದೇನ?" ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಯಾಕವ್ವಾ, ಮನ್ಯಾಗ ನಗಬ್ಯಾಡ ಅಂತ ಯಾರು ಅಂದಾರ ಎಂದು ಕೇಳಿದೆ.

"ಯಾರೂ ಅಂದಿಲ್ಲ. ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದ."

ದೂರಿನ ಧ್ವನಿಯಲ್ಲ ಅದು. ಮಳೆ ಬಂದರೆ ಛತ್ರಿ ಹಿಡಿಯಬೇಕು ಎನ್ನುವ ಹಾಗೆ ಹೇಳಿದಳು. ನಗು ನನ್ನವ್ವಾ, ಜೋರಾಗಿ ನಗು ಎಂದೆ. ಅಷ್ಟು ಹೊತ್ತಿಗೆ ಆ ಮನುಷ್ಯನನ್ನು ಎಳೆದು ದಂಡೆಗೆ ಹಾಕಿದ್ದರು, ಜನ ಚದುರಿದ್ದರು. ಅವಳು ನನಗಾಗಿ ಒಂದಿಷ್ಟು ನಕ್ಕಳು. ಅದು ನಗುವಾಗಿರಲಿಲ್ಲ.

ಮರಗಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಠಾಣೆಯ ತನಕ ಅಕ್ಕುವಿನ ಕೈ ಹಿಡಿದುಕೊಂಡೇ ಬಂದಳು. ಅಲ್ಲಿಂದ ಕಲ್ಯಾಣದ ಕಡೆಗೆ ಗಾಡಿ ಹತ್ತಿದ ಮೇಲೆ ಅಕ್ಕು ಅವಳ ತೊಡೆಯ ಮೇಲೆ ನಿದ್ದೆಹೋದಳು. ಕಳವಾ ದಾಟುವಾಗ ನಿನ್ನ ಅತ್ತೆ ನನ್ನ ಕಡೆ ನೋಡದೆ, "ನನಗ ಅಳಾಕೂ ಬರವಲ್ದು, ನಗಾಕೂ ಬರವಲ್ದು. ಇದಕ್ಕೂ ಅದನ್ನ ಕಲಿಸೀನಿ. ಕಾಂಚನಾಗ ಬರೀರಿ" ಎಂದಳು. ಮನೆಗೆ ಬಂದು ಅನ್ನಕ್ಕಿಟ್ಟಳು, ಉಂಡೆವು, ಮಲಗಿದೆವು.

ನೀನು ಯಾವ ತಪ್ಪನ್ನೂ ಮಾಡಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಬಾಳು ತಂಪಾಗಿರಲಿ ಎಂದು ಹರಸುವ,

ನಿನ್ನ ಮಾವ
ಮಹಾದೇವಪ್ಪ

ತಾ.ಕ.: ಡ್ಯೂಟಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶಾಲೆಯ ಪರೀಕ್ಷೆಗೆ ಕಾಯುವುದು ಬೇಡ, ಬಂದು ಅಕ್ಕುವನ್ನು ಕರೆದುಕೊಂಡು ಹೋಗು. ಲಕ್ಷ್ಮೀಕಾಂತ ಅವರೂ ಬರಲಿ. ಕೂಸು ಅವರನ್ನು ಅಪ್ಪಾ ಎಂದು ಕರೆದರೆ ನಮಗೆ ಬೇಸರವಿಲ್ಲ, ಇದನ್ನು ಮರಗಮ್ಮನೇ ಬರೆಯಿಸಿದ್ದು. ಇನ್ನೊಂದು ಮಾತು ನನ್ನದು. ಕಲ್ಯಾಣ ಸ್ಟೇಷನ್ನಿನಲ್ಲಿ ನಿಮ್ಮನ್ನು ಗಾಡಿ ಹತ್ತಿಸುವಾಗ ನಾವಿಬ್ಬರೂ ಅಳದೆ ಸುಮ್ಮನೆ ನಿಂತಿದ್ದರೆ, ಇವರಿಗೆ ಕೂಸಿನ ಮೇಲೆ ಮಮತೆ ಇರಲಿಲ್ಲ ಎಂದು ತಿಳಿಯಬೇಡ.